ಕೊನೆಯ ಮನೆಯ ಒಂಬತ್ತು ಕೋಳಿಗಳು

ಕೋಳಿಗೆ ಸೂಜಿ ಹಾಕುವುದನ್ನು ನಾನು ಕಲಿತದ್ದು ಕುಮಟೆಯ ಪಶು ಆಸ್ಪತ್ರೆಯಲ್ಲಿ, ನಮ್ಮ ಮಹಿಳಾ ಸಂಘದವರಿಗೆ ಕೊಟ್ಟ ಮೂರು ದಿನದ ತರಬೇತಿಯಲ್ಲಿ. ಉಳಿದವರು ಅಲ್ಲಿಯ ಊಟವನ್ನು ನೆನಪಿಟ್ಟುಕೊಂಡು ಬಂದರು, ನಾನು ಸೂಜಿ ಹಿಡಿಯುವುದನ್ನು ಕಲಿತು ಬಂದೆ. ಅಂದಿನಿಂದ ತದಡಿ ಬಂದರಿನ ಹಿಂದಿನ ನಮ್ಮ ಕೇರಿಯಲ್ಲಿ ಯಾರ ಕೋಳಿ ತಲೆ ಓರೆ ಮಾಡಿದರೂ ನನಗೇ ಕರೆ ಬರುತ್ತದೆ. ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಮೇ ತಿಂಗಳಲ್ಲಿ ಪಕ್ಕದ ಕೇರಿಯ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಬೆಳಿಗ್ಗೆ ಕೂಗಿದ ಹುಂಜ ಮರುದಿನ ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಕುತ್ತಿಗೆ ತಿರುಚಿಕೊಂಡು ಬೀಳುತ್ತದೆ. ಬಂದ ಮೇಲೆ ಔಷಧಿಯಿಲ್ಲ, ಬರುವ ಮೊದಲೇ ಲಸಿಕೆ ಹಾಕಬೇಕು. ಒಂದು ಬಾಟಲಿ ನೂರು ಕೋಳಿಗೆ ಸಾಕು. ಆದರೆ ನೀರು ಬೆರೆಸಿದ ಮೇಲೆ ಎರಡೇ ಗಂಟೆ ಅದರ ಆಯುಷ್ಯ, ಅದೂ ತಂಪಿನಲ್ಲಿದ್ದರೆ ಮಾತ್ರ. ನಾನು ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಳೆದು, ಐಸ್ ಪ್ಲಾಂಟಿನಿಂದ ಮಂಜುಗಡ್ಡೆ ತುಂಬಿಸಿಕೊಂಡು, ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಕುಮಟೆಯಿಂದ ಬಾಟಲಿ ತಂದೆ. ಪಕ್ಕದಲ್ಲಿ ಕೂತವಳು ಬಂಗಡೆ ಇದೆಯಾ ಎಂದು ಎರಡು ಸಲ ಕೇಳಿದಳು.

ಡಾಕ್ಟರು ಹೇಳಿದ್ದು ನನಗೆ ಬಾಯಿಪಾಠವಾಗಿತ್ತು. ಮಂಕಾದ ಕೋಳಿಗೆ ಸೂಜಿ ಹಾಕಬೇಡಿ. ಒಳಗೆ ರೋಗ ಇದ್ದರೆ ಅದು ಬೇಗ ಬೀಳುತ್ತದೆ, ಅದೇ ಸೂಜಿ ಮುಂದಿನ ಕೋಳಿಗೂ ರೋಗ ಒಯ್ಯುತ್ತದೆ. ಅನುಮಾನ ಬಂದರೆ ಬಿಟ್ಟುಬಿಡಿ.

ಮರುದಿನ ಬೆಳಿಗ್ಗೆ ಯಾರೂ ಗೂಡು ತೆರೆಯಬಾರದೆಂದು ಕೇರಿಗೆಲ್ಲ ಹೇಳಿಕಳಿಸಿದ್ದೆ. ಎಂಟು ಗಂಟೆಗೆ ಬಾಟಲಿಗೆ ನೀರು ಬೆರೆಸಿದೆ. ಮೊದಲು ನನ್ನ ಹದಿನಾಲ್ಕು ಕೋಳಿ, ಆಮೇಲೆ ಒಂದೊಂದೇ ಮನೆ. ಒಬ್ಬರು ರೆಕ್ಕೆ ಎತ್ತಿ ಹಿಡಿದರೆ ನಾನು ಅದರ ಬುಡದ ಚರ್ಮದಡಿ ಚುಚ್ಚುವುದು. ಕೆಲವರು ಕೋಳಿಯನ್ನು ಕೈಕೂಸಿನಂತೆ ಹಿಡಿಯುತ್ತಾರೆ, ಅದು ಕೊಸರಿ ಓಡುತ್ತದೆ, ಅದರ ಹಿಂದೆ ಇಡೀ ಮನೆ ಓಡುತ್ತದೆ. ನಗುವ ವ್ಯವಧಾನ ನನಗಿರಲಿಲ್ಲ, ಕಣ್ಣೆಲ್ಲ ಗಡಿಯಾರದ ಮೇಲೆ. ಎರಡು ಮನೆಯವರಿಗೆ ಬೈದೆ. ಆಸ್ಪತ್ರೆಯಿಂದ ಕೊಟ್ಟ ಸೂಜಿಗಳನ್ನು ಆಗಾಗ ಬದಲಿಸುತ್ತಾ ಹೋದೆ. ಒಂಬತ್ತೂ ಮುಕ್ಕಾಲಿಗೆ ಉಳಿದದ್ದು ಒಂದೇ ಸೂಜಿ, ಒಂದೇ ಮನೆ.

ಆ ಕೊನೆಯ ಮನೆಯವಳಿಗೂ ನನಗೂ ಎರಡು ವರ್ಷದಿಂದ ಮಾತಿರಲಿಲ್ಲ. ಅವಳು ಚಾಪೆಯ ಮೇಲೆ ಹರವಿದ್ದ ಒಣಸಿಗಡಿಯನ್ನು ನನ್ನ ಹುಂಜ ಕೆದರಿ ತಿಂದಿತ್ತು. "ಕೋಳಿ ಸಾಕ್ತೀಯೋ, ಕಳ್ಳರನ್ನ ಸಾಕ್ತೀಯೋ?" ಎಂದು ಇಡೀ ಕೇರಿಗೆ ಕೇಳುವಂತೆ ಕೂಗಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ತಿರುಗಿ ಅಂದದ್ದನ್ನು ಇಲ್ಲಿ ಬರೆಯಲಾರೆ. ಅಷ್ಟಕ್ಕೆ ಮಾತು ನಿಂತಿತ್ತು.

ಈಗ ಅವಳು ಬೇಲಿಯ ಹತ್ತಿರ ನಿಂತಿದ್ದಳು, ಕರೆಯಲಿಲ್ಲ. ಅವಳ ಮಗಳು ಚೊಚ್ಚಿಲ ಹೆರಿಗೆಗೆ ಬಂದಿದ್ದಳು, ದಿನ ಹತ್ತಿರವಾಗಿತ್ತು. ಜೂನಿನಲ್ಲಿ ದೋಣಿಗಳೆಲ್ಲ ದಡ ಹತ್ತುತ್ತವೆ, ಎರಡು ತಿಂಗಳು ಮೀನಿಲ್ಲ. ಬಾಣಂತಿಗೆ ಮೊಟ್ಟೆ, ಸಾರು ಎಲ್ಲಕ್ಕೂ ಅವಳು ನೆಚ್ಚಿಕೊಂಡಿದ್ದು ಆ ಒಂಬತ್ತು ಕೋಳಿಗಳನ್ನು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ದುಡಿದು ತರುವವರು ಬೇರೆ ಯಾರೂ ಇಲ್ಲ. ಇದು ನನಗೆ ಗೊತ್ತಿತ್ತು. ಬೇಲಿ ದಾಟಿ ಹೋದೆ.

"ಬೇಗ ತಾ. ಹದಿನೈದು ನಿಮಿಷ ಉಂಟು" ಎಂದೆ. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಅವಳು ಮೊದಲು ತಂದದ್ದು ಒಂದು ಕೆಂಪು ಹೇಂಟೆ. ಹಿಡಿದಾಗ ಕೊಸರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಮುಟ್ಟಿದರೆ ಮೈ ಕಾಯುತ್ತಿತ್ತು.

"ಇದಕ್ಕೆ ಬೇಡ. ಮಂಕಾಗಿದೆ."

"ಸೆಕೆಗೆ ಹಾಂಗಿದ್ದು. ಬೆಳಿಗ್ಗೆ ಗೂಡು ತೆರೀಬೇಡ ಅಂತ ಹೇಳಿಕಳಿಸಿದವಳು ನೀನೇ ಅಲ್ದಾ?"

"ಉಳಿದದ್ದು ತಾ, ಇದನ್ನ ಬಿಡು."

ಅವಳ ದನಿ ಏರಿತು. "ಎಂತಕ್ಕೆ? ಕೇರಿಯ ಎಲ್ಲಾ ಕೋಳಿಗೂ ಹಾಕಿದ್ಯಲೆ. ನನ್ನ ಕೋಳಿಗೆ ಬಂದಾಗ ನಿಂಗೆ ಹಳೇದೆಲ್ಲ ನೆನಪಾತಾ?"

ಬೇಲಿಯಾಚೆ ನಾಲ್ಕು ಜನ ನಿಂತು ನೋಡುತ್ತಿದ್ದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ನಾನು ಹಗೆ ಸಾಧಿಸುವವಳಲ್ಲ ಎಂದು ಅವರಿಗೆ ತೋರಿಸಬೇಕೆಂದು ನನಗೆ ಎಷ್ಟು ಅವಸರವಾಯಿತೆಂದರೆ, ಡಾಕ್ಟರ ಮಾತು ಕಿವಿಯಲ್ಲಿ ಕೇಳುತ್ತಿರುವಾಗಲೇ ಆ ಹೇಂಟೆಯ ರೆಕ್ಕೆ ಎತ್ತಿ ಚುಚ್ಚಿಬಿಟ್ಟೆ. ಕೊನೆಗೆ ಹಾಕುತ್ತೇನೆ ಎಂದಾದರೂ ಹೇಳಬಹುದಿತ್ತು, ಹೇಳಲಿಲ್ಲ. ಅದೇ ಸೂಜಿಯಲ್ಲಿ ಉಳಿದ ಎಂಟಕ್ಕೂ ಹಾಕಿದೆ. ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಕೆಲಸ ಮುಗಿಯಿತು. ಅವಳು ಒಂದು ಲೋಟ ಬೆಲ್ಲದ ನೀರು ತಂದುಕೊಟ್ಟಳು. ಕೇರಿಯವರ ಮುಖದಲ್ಲಿ ಮೆಚ್ಚುಗೆ ಇತ್ತು. ನಾನು ಲೋಟವನ್ನು ಅರ್ಧಕ್ಕೇ ಜಗಲಿಯ ಮೇಲಿಟ್ಟು ಬಂದೆ.

ಎರಡನೇ ದಿನ ಕೆಂಪು ಹೇಂಟೆ ಸತ್ತಿತು. ಆಮೇಲಿನ ಒಂದು ವಾರ ನಾನು ಪ್ರತಿ ಬೆಳಿಗ್ಗೆ ನನ್ನ ಗೂಡಿನ ಬಾಗಿಲಲ್ಲಿ ಕೂತು ಒಂದೊಂದು ಕೋಳಿಯ ಕಣ್ಣು, ಹಿಕ್ಕೆ, ಉಸಿರು ನೋಡಿದೆ. ನನ್ನವು ಚೆನ್ನಾಗಿದ್ದವು. ಕೇರಿಯಲ್ಲಿ ಎಲ್ಲರವೂ ಚೆನ್ನಾಗಿದ್ದವು. ಅವಳ ಅಂಗಳದಲ್ಲಿ ಮಾತ್ರ ದಿನಕ್ಕೊಂದು ಗುಂಡಿ ಬೀಳುತ್ತಿತ್ತು. ಡಾಕ್ಟರಿಗೆ ಫೋನು ಮಾಡಿದೆ. ಒಂದೇ ಗೂಡಿನಲ್ಲಿದ್ದವಾದ್ದರಿಂದ ರೋಗ ಮೊದಲೇ ಹರಡಿರಬಹುದು, ಸೂಜಿಯಿಂದಲೂ ಆಗಿರಬಹುದು, ಖಚಿತವಾಗಿ ಹೇಳಲಾಗದು ಎಂದರು. ಆ ಉತ್ತರ ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಏಳನೆಯದು ಸತ್ತ ದಿನ ತಡೆಯಲಾರದೆ ಹೋದೆ. ಅವಳು ಗುಂಡಿಗೆ ಸುಣ್ಣ ಹಾಕುತ್ತಿದ್ದಳು. ತುಂಬಿದ ಬಸುರಿ ಮಗಳು ಜಗಲಿಯಲ್ಲಿ ಕೂತಿದ್ದಳು. ನಾನು ನಿಂತಲ್ಲೇ ಹೇಳಿಬಿಟ್ಟೆ: "ತಪ್ಪು ನಂದು. ಆ ಕೆಂಪಿಗೆ ಹಾಕಬಾರದು ಅಂತ ನಂಗೆ ಗೊತ್ತಿತ್ತು. ಜನ ಎಂತ ಹೇಳ್ತಾರೋ ಅಂತ ಹೆದರಿ ಹಾಕಿದೆ."

ಅವಳು ಗುದ್ದಲಿಯನ್ನು ಕೆಳಗಿಡಲಿಲ್ಲ. "ನಂಗೂ ಗೊತ್ತಿತ್ತು" ಎಂದಳು. "ಆ ದಿನ ಬೆಳಿಗ್ಗೆಯೇ ಅದು ಹಸಿರು ಹಿಕ್ಕೆ ಹಾಕಿತ್ತು. ಗೂಡು ತೊಳೆದುಬಿಟ್ಟೆ. ನೀ ಅದನ್ನ ಕಂಡ್ರೆ ಸಿಟ್ಟಲ್ಲಿ ಉಳಿದದ್ದಕ್ಕೂ ಹಾಕದೆ ತಿರುಗಿ ಹೋಗ್ತೀ ಅಂತ."

ಅವಳು ಹಾಗೆ ಅಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ಎರಡು ವರ್ಷ ನಾನು ಅವಳಿಗೆ ತೋರಿಸಿದ ಮುಖ ಅಂಥದ್ದೇ ಆಗಿತ್ತು. ನನಗೆ ಅಳು ಬಂತು, ಅವಳ ಮುಂದೆಯೇ ಅತ್ತೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಬುಟ್ಟಿ ಎತ್ತಿ ಅದರಡಿ ಉಳಿದಿದ್ದ ಎರಡು ಕೋಳಿಗಳನ್ನು ತೋರಿಸಿದಳು. ಎರಡೂ ಅಕ್ಕಿ ಹೆಕ್ಕುತ್ತಿದ್ದವು.

"ಇವೆರಡನ್ನ ನಿನ್ನ ಗೂಡಲ್ಲಿ ಇಟ್ಕೊ. ಈ ಜಾಗ ಒಳ್ಳೇದಲ್ಲ. ಮಗಳ ಬಾಣಂತನಕ್ಕೆ ಇಷ್ಟೇ ಉಳಿದದ್ದು. ನಿನ್ನ ಹತ್ರ ಇದ್ರೆ ಬದುಕ್ತವೆ."

ಜಗಲಿಯಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ಆ ಕೋಳಿಗಳು ನೋಡಲು ಚೆನ್ನಾಗಿಯೇ ಇದ್ದವು. ಆದರೂ ಒಳಗೆ ರೋಗ ಇದೆಯೋ ಇಲ್ಲವೋ ತಿಳಿಯಲು ಇನ್ನೂ ಮೂರು ವಾರ ಬೇಕು. ಅವಳು ಕೈಚಾಚಿ ಕೇಳಿದ ಮೊದಲ ವಿಷಯ ಅದು, ಹೂಂ ಅನ್ನಲು ನನ್ನ ಜೀವ ಹಾತೊರೆಯಿತು.

"ಇಲ್ಲ" ಎಂದೆ. "ನನ್ನ ಅಂಗಳಕ್ಕೆ ತರಬೇಡ. ಕೇರಿಯಲ್ಲಿ ಯಾರಿಗೂ ಕೊಡಬೇಡ. ಮೂರು ವಾರ ಇಲ್ಲೇ ಕಟ್ಟಿಡು. ಮಗಳಿಗೆ ಮೊಟ್ಟೆ ನಾನು ತಂದು ಬೇಲಿ ಹತ್ರ ಇಡ್ತೆ."

ಅವಳು ಬುಟ್ಟಿಯನ್ನು ಮತ್ತೆ ಕವುಚಿ, ಅದರ ಮೇಲೊಂದು ಕಲ್ಲು ಹೇರಿ, "ಆತು" ಎಂದಳು.