ಅವ್ವ ದೂರ ಇಡಿಸಿದ ಮೈಕು

ಇವತ್ತು ಅಪ್ಪನ ಹಳೆಯ ಮೈಕು ಸಿಕ್ಕಿತು. ಜಾಲರಿಯಲ್ಲಿ ಇನ್ನೂ ತುಕ್ಕು, ಎಲೆಅಡಿಕೆಯ ವಾಸನೆ.

ಆಳಂದದಲ್ಲಿ ಅಪ್ಪ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಮೈಕಿನೊಳಗೆ ಊದಿ ನೋಡುವವರನ್ನು ಬಯ್ಯುತ್ತಿದ್ದ. ತಾನು ಉಗುರಿನಿಂದ ತಟ್ಟಿ ನೋಡುತ್ತಿದ್ದ. ಒಂದು ಮಧ್ಯಾಹ್ನ ಫ್ಯಾನು ಆರಿಸಿ, ಹೊರಗಿನ ಸದ್ದು ಬರದಂತೆ ಬಾಗಿಲಿಗೆ ಕೌದಿ ತೂಗಿಹಾಕಿ, ಅವ್ವ ಹಾಡುವ ವಚನಗಳನ್ನು ಟೇಪ್ ಮಾಡಲು ಕುಳಿತ. ಪಕ್ಕದ ಮನೆಯ ಚಾಚಾ ಹಾರ್ಮೋನಿಯಂ ನುಡಿಸಲು ಬಂದಿದ್ದರು. ಅವ್ವನಿಗೆ ದಮ್ಮಿನ ಕಾಯಿಲೆ.

"ಮೈಕ್ ದೂರ ಇಡ್ರಿ. ನನ್ನ ಉಸಿರು ಕೇಳಿದ್ರ ಮಂದಿ ನಗ್ತಾರ."

"ದೂರ ಇಟ್ರ ನಿನ್ನ ದನಿ ಸಣ್ಣ ಆಗ್ತದ," ಎಂದ ಅಪ್ಪ. ಅವ್ವ ಒಪ್ಪಲಿಲ್ಲ. ಅವನು ಮೈಕನ್ನು ಹಾರ್ಮೋನಿಯಂ ಕಡೆಗೆ ಸರಿಸಿದ.

ಮುಂದಿನ ಮಳೆಗಾಲಕ್ಕೆ ಅವ್ವ ಇರಲಿಲ್ಲ.

ಆ ಕ್ಯಾಸೆಟ್ ಈಗಲೂ ಹಾಡುತ್ತದೆ. ಹಾರ್ಮೋನಿಯಂ ಹಿಂದೆ ಅವ್ವನ ದನಿ, ಬೇರೆ ಯಾರದೋ ಮನೆಯಿಂದ ಬಂದಂತೆ. ಎರಡು ವಚನಗಳ ನಡುವೆ ಕಿವಿಯಿಟ್ಟು ಕಾಯುತ್ತೇನೆ. ಅವ್ವ ಬಯಸಿದಂತೆಯೇ ಆಗಿದೆ. ಒಂದು ಉಸಿರೂ ಕೇಳುವುದಿಲ್ಲ.