ಕೊಯ್ದ ಗೊನೆ, ಬಾರದ ಉತ್ತರ

ಶಹಾಬಜಾರಿನ ನಮ್ಮ ಆಫೀಸೆಂದರೆ ಎರಡು ಕುರ್ಚಿ. ಒಂದು ನನ್ನದು, ಒಂದು ಪಾಲುದಾರರದು. ಕೆಳಗಿನ ಹಣ್ಣಿನಂಗಡಿಯ ಕಂಪ್ಯೂಟರಿನಿಂದ ಹೊರಟ ಆರ್ಡರು ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರೊಬ್ಬರ ಮೊಬೈಲ್ ಮುಟ್ಟಬೇಕು. ಎರಡೂ ಕಡೆಯ ಪ್ರೋಗ್ರಾಮು ಬರೆದವಳು ನಾನೇ. ಅವು ಒಂದಕ್ಕೊಂದು ಯಾವ ಪ್ರೋಟೋಕಾಲಿನಲ್ಲಿ ಮಾತಾಡಬೇಕೆಂಬುದು ಮಾತ್ರ ಬಗೆಹರಿಯಲಿಲ್ಲ.

ಮೊದಲು ಎಚ್‌ಟಿಟಿಪಿ ಇಟ್ಟೆ. ಆರ್ಡರು ಕಳಿಸಿ ಉತ್ತರಕ್ಕೆ ಕಾಯುವುದು, ಬಾರದಿದ್ದರೆ ಮತ್ತೆ ಕಳಿಸುವುದು. ಒಂದು ದಿನ ನೆಟ್‌ವರ್ಕು ಆರ್ಡರನ್ನು ಮುಟ್ಟಿಸಿ ಉತ್ತರವನ್ನು ನುಂಗಿತು. ಪ್ರೋಗ್ರಾಮು ಮತ್ತೆ ಕಳಿಸಿತು. ಐದು ಗೊನೆ ಕೊಯ್ದವರು ಇನ್ನೈದು ಕೊಯ್ದರು.

"ಅಕ್ಕಾರ, ಕೊಯ್ದ ಗೊನಿ ಮತ್ತ ಗಿಡಕ್ಕ ಅಂಟಸ್ತೀರೇನ್ರಿ?" ಎಂದು ಫೋನಿನಲ್ಲಿ ಕೇಳಿದರು. "ಇನ್ನೊಮ್ಮೆ ಹಿಂಗಾದ್ರ ನಿಮ್ಮ ಆ್ಯಪ್ ತೆಗದು ಒಗಿತೀನಿ."

ಮತ್ತೆ ಕಳಿಸುವುದೇ ಬೇಡವೆಂದರೆ, ಆರ್ಡರೇ ಮುಟ್ಟದ ದಿನ ಅಂಗಡಿ ಖಾಲಿ. ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಇದನ್ನೇ ಪಾಲುದಾರರಿಗೆ ಹೇಳುತ್ತಿದ್ದೆ.

"ಮೇಡಂ, ರೊಟ್ಟಿ ಆರಾಕತ್ತಾವ. ಮೊದಲು ಅದರ ಪ್ರೋಟೋಕಾಲ್ ನೋಡ್ರಿ," ಎಂದು ನಕ್ಕರು.

ಬಾಳೆ ಬೆಳೆಯುವವರು ಗೊನೆಗಳನ್ನು ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಾರೆ. ಮುಟ್ಟಿದವೆಂದು ಅಂಗಡಿಯವರು ಮಿಸ್ಡ್ ಕಾಲ್ ಕೊಡುತ್ತಾರೆ. ಕಾಲ್ ಬಾರದಿದ್ದರೆ ಏನು ಮಾಡುತ್ತೀರೆಂದು ಅವರನ್ನೇ ಕೇಳಿದೆ.

"ಮತ್ತ ಕಳಸ್ತೀನ್ರಿ. ದಂಟಿಗೆ ಚೀಟಿ ಕಟ್ಟಿರ್ತೀನಿ, ಯಾವ ಆರ್ಡರಿಂದು ಅಂತ. ಎರಡ್ ಸಲ ಹೋದ್ರ ಅವ್ರಿಗೇ ತಿಳೀತದ."

ಆ ಚೀಟಿ ಹಿಡಿದುಕೊಂಡೇ ಎಂಕ್ಯೂಟಿಟಿ ಎಂಬ ಇನ್ನೊಂದು ಪ್ರೋಟೋಕಾಲಿಗೆ ಬದಲಾಯಿಸಿದೆ. ಉತ್ತರ ಬರುವವರೆಗೆ ಅದು ಕಳಿಸುತ್ತಲೇ ಇರುತ್ತದೆ. ಪ್ರತಿ ಆರ್ಡರಿಗೂ ನಂಬರು ಕೊಟ್ಟೆ. ಅದೇ ನಂಬರು ಮತ್ತೆ ಬಂದರೆ ಮೊಬೈಲು ತೋರಿಸದೆ ಬಿಡಬೇಕು. ಬರೆದೆನೇ ಹೊರತು ಧೈರ್ಯ ಬರಲಿಲ್ಲ. ಮೊಬೈಲು ಆ ಆರ್ಡರಿನ ನಂಬರನ್ನೇ ಮರೆತರೆ?

ಸಂತೆಯ ದಿನ ಬೆಳಗ್ಗೆ ಐದು ಗೊನೆಯ ಆರ್ಡರು ಹೋಯಿತು. ಉತ್ತರವಿಲ್ಲ. ಪ್ರೋಗ್ರಾಮು ಮತ್ತೆ ಕಳಿಸಿತು, ಮತ್ತೂ ಕಳಿಸಿತು. ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ನಾನೇ ಹೋಗಿ ನಿಂತೆ. ಇಳಿದದ್ದು ಐದೇ! ಆ್ಯಪ್ ಗೆದ್ದಿತೆಂದು ಹೇಳಲು ಅಲ್ಲಿಂದಲೇ ಕಮಲಾಪುರಕ್ಕೆ ಫೋನು ಹಚ್ಚಿದೆ.

"ನಿಮ್ಮ ಆ್ಯಪ್ ಮ್ಯಾಲ ಭರೋಸಾ ಎಲ್ಲದ್ರಿ?" ಎಂದರು. "ಮೊದಲ್ನೇದು ಬಂದ ಕೂಡ್ಲೆ ಮೊಬೈಲ್ ಬಂದ್ ಮಾಡಿ ತ್ವಾಟಕ್ಕ ಹೋದೆ. ಈಗ ಚಾಲೂ ಮಾಡೀನಿ."

ಅಂದರೆ ಪರೀಕ್ಷೆ ಆಗಿಯೇ ಇಲ್ಲ, ಈಗ ಆಗುತ್ತಿದೆ.

"ಆರ್ಡರ್ ಎಷ್ಟು ತೋರಸ್ತದ ನೋಡ್ರಿ."

"ತಡೀರಿ, ಚಸ್ಮಾ ಹಾಕ್ಕೋತೀನಿ."

ಕಾದೆ.

"ಒಂದೇ ಅದ್ರಿ. ಆದ್ರೂ ನಾಳಿನೂ ಬಂದ್ ಮಾಡೇ ಇಡ್ತೀನಿ."

"ಇಡ್ರಿ," ಎಂದು, ಇಳಿದ ಗೊನೆಗಳ ದಂಟಿನ ಚೀಟಿ ಎಣಿಸತೊಡಗಿದೆ.