ಹಿಂಬದಿಯಿಲ್ಲದ ಜೇನುಮನೆ

ನಮ್ಮ ಬೀದಿಯ ಬಡಗಿಗೆ ‘ಫಿನಿಶಿಂಗ್’ ಎಂಬ ಅಡ್ಡಹೆಸರು ಬಂದದ್ದು ಹೊಗಳಿಕೆಯಿಂದಲ್ಲ. ಬಾಗಿಲು ಕೂಡುತ್ತದೋ ಇಲ್ಲವೋ, ಕಪಾಟಿನ ಖಾನೆ ಎಳೆದರೆ ಬರುತ್ತದೋ ಇಲ್ಲವೋ, ಅದೆಲ್ಲ ಅವನಿಗೆ ಎರಡನೆಯ ಮಾತು. ಕೈಯಾಡಿಸಿದರೆ ನುಣುಪಾಗಿರಬೇಕು, ವಾರ್ನಿಷ್‌ನಲ್ಲಿ ಮುಖ ಕಾಣಬೇಕು. ಹೀಗೇ ಐವತ್ತೆಂಟು ವರ್ಷ ಕಳೆದಿದ್ದಾನೆ. ಮದುವೆಯಾಗಲಿಲ್ಲ. ನೋಡಿದ ಹೆಣ್ಣುಗಳಲ್ಲಿ ಒಬ್ಬಳಿಗೂ ಫಿನಿಶಿಂಗ್ ಸರಿಯಿರಲಿಲ್ಲ ಎಂದು ಅವನ ಅಕ್ಕ ಹೇಳುತ್ತಾಳೆ.

ಅಕ್ಕ ಅವನಿಗೆ ಬೇಯಿಸಿ ಹಾಕುತ್ತಾಳೆ, ಉಳಿದ ಹೊತ್ತು ಅವನ ಕೆಲಸದ ಕೊಟ್ಟಿಗೆಯ ಹಿಂದೆ ಬದನೆ ಬೆಳೆಯುತ್ತಾಳೆ. ಪಾತಿಗೆ ತಾಗಿದಂತೆ ಒಂದು ಹಳೆಯ ಮಣ್ಣುಗೋಡೆ. ಅದರ ತುಂಬ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನುಗಳು ಅಲ್ಲಿ ಸಂಸಾರ ಹೂಡಿವೆ. ಅವಕ್ಕೆ ಗುಂಪಿಲ್ಲ, ರಾಣಿಯಿಲ್ಲ, ಕದ್ದು ತಿನ್ನಲು ತುಪ್ಪವಿಲ್ಲ. ಆದ್ದರಿಂದಲೇ ಯಾರೂ ಅವನ್ನು ಕ್ಯಾರೆ ಅನ್ನುವುದಿಲ್ಲ. ಪ್ರತಿ ಹೆಣ್ಣೂ ತನ್ನ ತೂತನ್ನು ತಾನೇ ಕೊರೆದು, ಪರಾಗ ತುಂಬಿ, ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗುತ್ತದೆ. ಬದನೆ ಹೂವನ್ನು ತಬ್ಬಿಕೊಂಡು ಗುಂಯ್ ಎಂದು ಅಲುಗಿಸಿ ಪರಾಗ ಉದುರಿಸುವುದೂ ಇವೇ. ಅಕ್ಕ ಇದನ್ನು ಪುಸ್ತಕದಲ್ಲಿ ಓದಿದವಳಲ್ಲ. ಒಂದು ವರ್ಷ ತಮ್ಮ ಆ ಗೋಡೆಗೆ ಟಾರ್ಪಾಲು ಹೊದಿಸಿದ್ದಾಗ ಕಾಯಿ ಅರ್ಧಕ್ಕೆ ಇಳಿದದ್ದನ್ನು ಕಂಡವಳು.

ಈ ವರ್ಷ ನಗರಸಭೆಯವರಿಗೆ ಜೇನುಗಳ ಮೇಲೆ ಪ್ರೀತಿ ಉಕ್ಕಿತು. ಉದ್ಯಾನದಲ್ಲಿ ಒಂಟಿ ಜೇನುಗಳಿಗೆ ಮರದ ಮನೆ ನಿಲ್ಲಿಸಬೇಕು, ಒಂದು ಮಾದರಿ ಮಾಡಿಡು, ಸೋಮವಾರ ಬಂದು ನೋಡುತ್ತೇವೆ ಎಂದು ಫಿನಿಶಿಂಗ್‌ಗೆ ಹೇಳಿಹೋದರು. ಅವನು ಗಟ್ಟಿ ಮರದ ದಿಮ್ಮಿಯೊಂದನ್ನು ಪೆಟ್ಟಿಗೆಯಾಕಾರಕ್ಕೆ ಕೊಯ್ದು, ಕನ್ನಡಿಯಂತೆ ಉಜ್ಜಿ ಅದಕ್ಕೆ ಅರವತ್ತನಾಲ್ಕು ತೂತು ಕೊರೆದ. ಎಲ್ಲವೂ ಈ ಬದಿಯಿಂದ ಆ ಬದಿಗೆ. ಹಿಂದೆ ನಿಂತು ಕಣ್ಣಿಟ್ಟರೆ ಮುಂದಿನ ಬೀದಿ ಕಾಣುತ್ತಿತ್ತು.

“ಹಿಂದುಗಡೆ ಮುಚ್ಚಬೇಕಪ್ಪ,” ಎಂದೆ, ಪಕ್ಕದ ಮನೆಯಿಂದ ನೋಡಲು ಹೋಗಿದ್ದ ನಾನು. “ಜೇನು ಒಳಗಿನ ಗೋಡೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಮೊಟ್ಟೆ ಇಡ್ತಾ ಬರತ್ತೆ. ಗೋಡೇನೇ ಇಲ್ಲದಿದ್ರೆ ಎಲ್ಲಿಂದ ಶುರು ಮಾಡ್ಬೇಕು?”

“ಅರ್ಧಕ್ಕೆ ನಿಂತ ತೂತು ಅಂದ್ರೆ ನಮ್ಮ ಕಸುಬಲ್ಲಿ ಕೈತಪ್ಪು ಮೇಡಂ. ಕೆಲಸ ಕಲಿಸಿದೋರು ಕಿವಿ ಹಿಂಡ್ತಿದ್ರು.”

ಹಿಂದೆ ಒಂದು ಹಲಗೆ ಹೊಡೆಯಲೂ ಅವನು ಒಪ್ಪಲಿಲ್ಲ. ಫಿನಿಶಿಂಗ್ ಮುಚ್ಚಿಹೋಗುತ್ತದಂತೆ.

ಅಷ್ಟಕ್ಕೇ ಬಿಟ್ಟಿದ್ದರೆ ಅವನ ದಡ್ಡತನ ಆ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಆದರೆ ಸೋಮವಾರ ಬರುವ ದೊಡ್ಡವರಿಗೆ ತೂತುಬಿದ್ದ ಗೋಡೆ ಕಂಡರೆ ಅವನ ಮರ್ಯಾದೆ ಏನಾಗಬೇಕು? ಭಾನುವಾರ ಗೋಡೆಗೆ ಸಿಮೆಂಟ್ ಮೆತ್ತಲು ಗಾರೆಯವನಿಗೆ ಹೇಳಿಬಿಟ್ಟ. ಜೇನಿಗೆ ಮನೆ ಕಟ್ಟಿದ್ದನ್ನು ತೋರಿಸಲು ಮನೆಯಲ್ಲಿರುವ ಜೇನನ್ನು ಹೂಳುವುದು! ಅದು ಅವನೊಬ್ಬನಿಗೇ ಹೊಳೆಯಬಹುದಾದ ಯೋಚನೆ.

ಅಕ್ಕ ಕೂಗಾಡಲಿಲ್ಲ. “ಭಾನುವಾರದೊಳಗೆ ನಿನ್ನ ಪೆಟ್ಟಿಗೇಲಿ ಒಂದೇ ಒಂದು ಜೇನು ನೆಲೆ ನಿಲ್ಲಲಿ. ಆಮೇಲೆ ಗೋಡೆಗೆ ಏನಾದ್ರೂ ಮೆತ್ಕೊ. ನಿಲ್ಲಲಿಲ್ಲ ಅಂದ್ರೆ ಗೋಡೆ ತಂಟೆಗೆ ಬರಬೇಡ.”

“ಒಂದಲ್ಲಕ್ಕ, ಅರವತ್ತನಾಲ್ಕೂ ಭರ್ತಿ ಆಗತ್ತೆ, ನೋಡ್ತಿರು.”

ಎಲೆ ಕತ್ತರಿಸಿ ಗೂಡು ಕಟ್ಟುವ ಇನ್ನೊಂದು ಜಾತಿಯ ಒಂಟಿ ಜೇನಿಗೆ ಮರದ ತೂತು ಇಷ್ಟ. ಅವು ಬಂದವು, ಒಳಹೊಕ್ಕವು, ಎದುರಿಗೆ ಬೆಳಕು ಕಂಡು ಆ ಕಡೆಯಿಂದ ಹೊರಟುಹೋದವು. ಶನಿವಾರದ ಹೊತ್ತಿಗೆ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಜೇಡ.

ಭಾನುವಾರ ಬೆಳಿಗ್ಗೆ ಗಾರೆಯವನು ಸಿಮೆಂಟ್ ಕಲಸಿಕೊಂಡು ಕರಣೆ ಹಿಡಿದು ಕೂತ. ಫಿನಿಶಿಂಗ್ ಗೋಡೆಯಿಂದ ಒಂದು ಜೇನನ್ನು ಗಾಜಿನ ಲೋಟದಲ್ಲಿ ಹಿಡಿದು ತಂದು ಪೆಟ್ಟಿಗೆಯ ತೂತಿಗೆ ಒತ್ತಿಹಿಡಿದ.

“ಅಕ್ಕಾ, ಬಾ ಇಲ್ಲಿ. ಒಳಗೆ ಹೋಯ್ತು, ಕಣ್ಣಾರೆ ನೋಡ್ದೆ.”

“ನಾನು ಹಿಂದುಗಡೇನೇ ಇದೀನಿ ಕಣೋ. ಹೊರಗೆ ಬಂತು, ನಾನೂ ಕಣ್ಣಾರೆ ನೋಡ್ದೆ.”

“ಹಿತ್ತಲ ಬಾಗಿಲು ಬೇರೆ ಇಟ್ಟಿದೀರಲ್ಲಣ್ಣ,” ಎಂದ ಗಾರೆಯವನು.

ಎರಡನೆಯದೂ ಹಾಗೇ ಹಾರಿಹೋಯಿತು. ಮೂರನೆಯದನ್ನು ಬೆರಳಿನಿಂದ ಒಳಗೆ ನೂಕಲು ಹೋದ. ಒಂಟಿ ಜೇನು ಕುಟುಕುವುದು ಅಪರೂಪ, ಹಿಸುಕುವವರನ್ನು ಕುಟುಕುತ್ತದೆ. ಹೆಬ್ಬೆರಳು ಬದನೆಕಾಯಿಯಾಯಿತು. ಅಕ್ಕ ಕಲಸಿದ ಸಿಮೆಂಟನ್ನು ಬಚ್ಚಲ ಮುಂದಿನ ಗುಂಡಿಗೆ ಸುರಿಸಿ ಗಾರೆಯವನನ್ನು ಕಳಿಸಿದಳು.

ಸೋಮವಾರ ದೊಡ್ಡವರು ಬಂದರು. ಪೆಟ್ಟಿಗೆಯ ಮೈ ಸವರಿದರು, ವಾರ್ನಿಷ್ ಹೊಗಳಿದರು, ತೂತಿನೊಳಗೆ ಒಬ್ಬರೂ ಇಣುಕಲಿಲ್ಲ. ಇಂಥವೇ ಹನ್ನೆರಡು ಮಾಡಿಕೊಡಲು ಹೇಳಿದರು. ಅವು ಈಗ ಉದ್ಯಾನದಲ್ಲಿವೆ. ಹಿಂದೆ ನಿಂತರೆ ಬೀದಿ ಚೆನ್ನಾಗಿ ಕಾಣುತ್ತದೆ. ಅಂದು ಹೊರಡುವಾಗ ದೊಡ್ಡವರಲ್ಲೊಬ್ಬರು ಮಣ್ಣುಗೋಡೆಯ ಮುಂದೆ ಹಾರಾಡುವ ನೀಲಿ ಪಟ್ಟೆಗಳನ್ನು ಕಂಡು ನಿಂತರು.

“ಇವಕ್ಕೇ ಅಂತ ಈ ಗೋಡೆ ಉಳಿಸ್ಕೊಂಡು ಬಂದಿದೀನಿ ಸಾರ್,” ಎಂದ ಫಿನಿಶಿಂಗ್, ಬಟ್ಟೆ ಸುತ್ತಿದ ಹೆಬ್ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡು.

ಬದನೆ ಕೊಯ್ಯುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ. ಅಷ್ಟು ಜನರೆದುರು ಹೇಳಿದ ಮೇಲೆ ಅವನು ಇನ್ನು ಆ ಗೋಡೆಯನ್ನು ಮುಟ್ಟುವಂತಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.